ಸಂದರ್ಶನವಾದ ಮೇಲೆ

ನಮ್ಮ ದುಂಡಸಿಯಲ್ಲಿ ಈಗ ನನ್ನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ತಂಗೀದು ಏನಾತು?" ಬಿ.ಎ. ಅಂತಿಮ ವರ್ಷದ ನನ್ನ ಪರೀಕ್ಷೆಯ ಚಿಂತೆ ಊರಿಗೆ ಇಲ್ಲ. ಅದು ಇರುವುದು ನನ್ನ ಅಧ್ಯಾಪಕರಿಗೆ ಮಾತ್ರ. ತಂಗಿ ಪಿ.ಯು.ಸಿ. ವಿಜ್ಞಾನ ಮುಗಿಸಿ, ಬೆಂಗಳೂರಿನ ಒಂದು ಕಾಲೇಜಿನಲ್ಲಿ 'ಫಿಜಿಶಿಯನ್ ಅಸಿಸ್ಟೆಂಟ್' ಎಂಬ ಪದವಿಗಾಗಿ ಸಂದರ್ಶನ ಕೊಟ್ಟು ಬಂದು ಇಂದಿಗೆ 23 ದಿನ. ಒಂದು ವಾರದಲ್ಲಿ ತಿಳಿಸುತ್ತೇವೆ ಎಂದಿದ್ದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ಅರ್ಜಿ ತುಂಬಿದವಳೂ ನಾನೇ, ಸಂದರ್ಶನಕ್ಕೆ ಜೊತೆಯಲ್ಲಿ ಹೋದವಳೂ ನಾನೇ, ಮರಳಿ ಬಂದು "ಅವರು ನಕ್ಕೋತ ಮಾತಾಡಿದ್ರಂತಪ್ಪಾ, ಸೀಟು ಸಿಕ್ಕಂಗ" ಎಂದು ಅಪ್ಪನಿಗೆ ಹೇಳಿದವಳೂ ನಾನೇ. ಆ ಕಡೆಯ ಮಾತನ್ನು ನಾನು ಆಡಬಾರದಿತ್ತು. ಅದನ್ನು ನಂಬಿ ಅಪ್ಪ, ನರ್ಸಿಂಗ್ ಕಾಲೇಜೊಂದು ಕೊಡಮಾಡಿದ್ದ ಸೀಟನ್ನು ಬಿಟ್ಟುಬಿಡುವ ಹಂತಕ್ಕೆ ಬಂದಿದ್ದರು. ಈ ತಪ್ಪನ್ನು ತಿದ್ದಿಕೊಳ್ಳಲು ಹೊರಟಾಗ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ತಮ್ಮ ತಂಗಿಯರ ಅರ್ಜಿ ತುಂಬುವವರು ನಾನೊಬ್ಬಳೇ ಅಲ್ಲವಷ್ಟೆ.

ಮೊದಲು ಆ ಹುದ್ದೆಯ ಮಾತು. ಫಿಜಿಶಿಯನ್ ಅಸಿಸ್ಟೆಂಟ್ ಎಂದರೆ ಕಂಪೌಂಡರ್ ಅಲ್ಲ, ನರ್ಸ್ ಅಲ್ಲ, ಡಾಕ್ಟರೂ ಅಲ್ಲ. ರೋಗಿಯನ್ನು ಕೂರಿಸಿಕೊಂಡು ರೋಗದ ಪೂರ್ವಚರಿತ್ರೆ ಕೇಳುವುದು, ಮೈ ಪರೀಕ್ಷಿಸುವುದು, ರಕ್ತಪರೀಕ್ಷೆಯ ವರದಿಗಳನ್ನು ಒಟ್ಟುಗೂಡಿಸಿ ಡಾಕ್ಟರ ಮುಂದಿಡುವುದು, ಶಸ್ತ್ರಚಿಕಿತ್ಸೆಯಲ್ಲಿ ಕೈಗೂಡಿಸುವುದು, ಆಮೇಲೆ ವಾರ್ಡಿನಲ್ಲಿ ರೋಗಿಯನ್ನು ನೋಡಿಕೊಳ್ಳುವುದು, ಇವೆಲ್ಲ ಆತನ ಕೆಲಸ. ಎಲ್ಲವೂ ಡಾಕ್ಟರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್ ಅವರು 1965ರಲ್ಲಿ ಈ ಶಿಕ್ಷಣವನ್ನು ಆರಂಭಿಸಿದರು. ನೌಕಾದಳದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿ ಪಳಗಿದ್ದವರು ಊರಿಗೆ ಮರಳಿದ ಮೇಲೆ ಅವರ ಆ ವಿದ್ಯೆಗೆ ಬೆಲೆಯಿರಲಿಲ್ಲ. ಇತ್ತ ಡಾಕ್ಟರುಗಳ ಕೊರತೆ. ಹಾಗೆ ನಾಲ್ವರು ಸೇರಿದರು, 1967ರಲ್ಲಿ ಮೂವರು ಪಾಸಾದರು. ನಮ್ಮ ದೇಶಕ್ಕೆ ಇದನ್ನು ತಂದವರು ಹೃದಯಶಸ್ತ್ರಜ್ಞ ಡಾ. ಕೆ.ಎಂ. ಚೆರಿಯನ್, 1992ರಲ್ಲಿ, ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ. 2021ರ ರಾಷ್ಟ್ರೀಯ ಆಯೋಗದ ಕಾಯ್ದೆಯು ಆರೋಗ್ಯಸೇವೆಯ ಹಲವು ವೃತ್ತಿಗಳ ನಡುವೆ ಇದನ್ನೂ ಹೆಸರಿಸಿದೆ.

ನಮ್ಮ ಹಿರಿಯರು 'ಎಲ್.ಎಂ.ಪಿ. ಡಾಕ್ಟರ್' ಎಂದು ಇಂದಿಗೂ ನೆನೆಯುತ್ತಾರೆ. ಅದು ಪೂರ್ಣ ಪದವಿಗಿಂತ ಚಿಕ್ಕದಾದ ವೈದ್ಯಶಿಕ್ಷಣ. 1946ರಲ್ಲಿ ಭೋರ್ ಸಮಿತಿಯು ಡಾಕ್ಟರೆಂದರೆ ಒಂದೇ ಬಗೆಯವರಿರಲಿ ಎಂದು ಸೂಚಿಸಿದ ಮೇಲೆ ಅದು ಕ್ರಮೇಣ ನಿಂತಿತು. ಆ ನಡುವಿನ ಮೆಟ್ಟಿಲು ಖಾಲಿಯಾದದ್ದು ಹಳ್ಳಿಗಳಿಗೆ ಒಳ್ಳೆಯದಾಯಿತೇ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಎಲ್.ಎಂ.ಪಿ.ಯವರು ಸ್ವತಂತ್ರವಾಗಿ ಔಷಧ ಕೊಡುತ್ತಿದ್ದರು, ಇವರು ಹಾಗೆ ಕೊಡುವಂತಿಲ್ಲ ಎಂಬ ಭೇದವನ್ನು ಮಾತ್ರ ಮರೆಯಬಾರದು.

ತಂಗಿಗೆ ಈ ಹಂಬಲ ಹತ್ತಿದ್ದು ಅಜ್ಜನ ಕಾಲಿನ ಹುಣ್ಣಿನಿಂದ. ಸಕ್ಕರೆ ಕಾಯಿಲೆಯ ಹುಣ್ಣು. ಆಸ್ಪತ್ರೆಯಲ್ಲಿ ಡಾಕ್ಟರು ಒಳ್ಳೆಯವರೇ. ಆದರೆ ಹೊರಗೆ ನೂರು ಮಂದಿ ನಿಂತಿರುವಾಗ ಅಜ್ಜನ ಪಾಲಿಗೆ ಬಂದದ್ದು ಎರಡು ನಿಮಿಷ. ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡ ಎಂದು ಹೇಳಲು ಯಾರಿಗೂ ಬಿಡುವಿರಲಿಲ್ಲ. ಅಜ್ಜ ಹೋಗುತ್ತಲೇ ಇದ್ದ. ಸಂದರ್ಶನದಲ್ಲಿ "ನೀನು ಈ ಕೋರ್ಸಿಗೆ ಏಕೆ ಬರುತ್ತೀ?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ತಂಗಿ ಇದನ್ನೇ ತೊದಲುತ್ತ ಹೇಳಿದಳಂತೆ. ಅವರು ನಕ್ಕದ್ದು ಆಗಲೇ.

ಇನ್ನು, ಉತ್ತರ ತಡವಾಗುವುದು ಏಕೆ? ಹುಬ್ಬಳ್ಳಿಯ ಬಸ್ ನಿಲ್ದಾಣವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಬಸ್ಸು ಬಂದೊಡನೆ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಕೆಲವು ಜಾಣರು ಎರಡು ಬಸ್ಸುಗಳಲ್ಲಿ ಟವೆಲ್ ಹಾಕಿ, ಯಾವುದು ಮೊದಲು ಹೊರಡುತ್ತದೋ ಅದನ್ನು ಹತ್ತುತ್ತಾರೆ. ಬಿಟ್ಟುಬಂದ ಟವೆಲ್ಲಿನ ಸೀಟು, ಬಸ್ಸು ಹೊರಡುವ ಹೊತ್ತಿಗೆ ನಿಂತವನಿಗೆ ಸಿಗುತ್ತದೆ. ಪ್ರವೇಶವೂ ಹೀಗೆಯೇ. ಒಂದು ಕಾಲೇಜಿನಲ್ಲಿ 30 ಸೀಟುಗಳಿವೆ ಎಂದುಕೊಳ್ಳಿ. ಒಳ್ಳೆಯ ಅಂಕ ಪಡೆದ ಹುಡುಗಿ ಮೂರು ಕಾಲೇಜುಗಳಲ್ಲಿ ಹೆಸರು ಹಾಕಿರುತ್ತಾಳೆ, ಮೆಡಿಕಲ್ ಸೀಟಿನ ಹಂಚಿಕೆಯನ್ನೂ ನೋಡುತ್ತಿರುತ್ತಾಳೆ. ಅವಳು ಎಲ್ಲಿ ಕೂರುವಳೆಂದು ತಿಳಿಯುವತನಕ ಅವಳ ಹಿಂದಿನವರಿಗೆ ಹೌದೆಂದೂ ಇಲ್ಲವೆಂದೂ ಹೇಳಲಾಗದು. ಅಮೆರಿಕದ ಅನೇಕ ಕಾಲೇಜುಗಳಲ್ಲಿಯೂ ಸಂದರ್ಶನಗಳು ತಿಂಗಳುಗಟ್ಟಲೆ ನಡೆಯುತ್ತವೆ. ಮೊದಲು ಬಂದವರಿಗೆ ಮೊದಲೇ ಸೀಟು ಕೊಡುತ್ತ ಹೋಗಿ, ಉಳಿದವರನ್ನು ಕಾಯುವ ಪಟ್ಟಿಯಲ್ಲಿ ಇಡುತ್ತಾರೆ. ಅಲ್ಲಿನ ಮಕ್ಕಳೂ ನಮ್ಮ ತಂಗಿಯ ಹಾಗೆಯೇ ದಿನಕ್ಕೆ ಹತ್ತು ಸಲ ಇ-ಮೇಲ್ ತೆರೆದು ನೋಡುತ್ತಾರೆಂದು ಓದಿ ನಮಗೆ ತುಸು ಸಮಾಧಾನವಾಯಿತು. ಆದುದರಿಂದ ಮೌನವೆಂದರೆ ನಿರಾಕರಣೆಯಲ್ಲ. ನಗುವೆಂದರೆ ಸೀಟೂ ಅಲ್ಲ, ಇದನ್ನು ನಾನು ಸ್ವಂತ ಅನುಭವದಿಂದ ಸೇರಿಸುತ್ತಿದ್ದೇನೆ.

ಆದರೆ ಬಸ್ಸಿಗೂ ಪ್ರವೇಶಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಟವೆಲ್ಲಿಗೆ ದುಡ್ಡು ಬೀಳುತ್ತದೆ. ಉಳ್ಳವರು ಎರಡು ಕಡೆ ಹಣ ಕಟ್ಟಿ ನಿಶ್ಚಿಂತೆಯಿಂದ ಕಾಯಬಲ್ಲರು. ಗೋವಿನಜೋಳ ಮಾರಿದ ದುಡ್ಡು ಒಂದೇ ಕಡೆ ಕಟ್ಟುವಷ್ಟಿದ್ದರೆ? ನರ್ಸಿಂಗ್ ಕಾಲೇಜಿಗೆ ಹಣ ಕಟ್ಟಲು ಕೊಟ್ಟ ಗಡುವು ಹತ್ತಿರ ಬಂದಂತೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮಾತು ನಿಂತುಹೋಯಿತು. "ಕಟ್ಟಿದ್ರ ರೊಕ್ಕ ಹೋತು, ಕಟ್ಟದಿದ್ರ ವರ್ಷ ಹೋತು" ಎಂದರು ಅಪ್ಪ. ಜೊತೆಗೆ, ಮೂಲ ಅಂಕಪಟ್ಟಿಯನ್ನು ಒಮ್ಮೆ ಕೊಟ್ಟರೆ ಅವರು ಮರಳಿಸುವುದಿಲ್ಲ ಎಂದು ಪಕ್ಕದ ಮನೆಯವರು ಹೆದರಿಸಿದ್ದರು.

ಆಗ ನನಗೆ ದೊರೆತದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಅಧಿಸೂಚನೆ. ವಿಶ್ವವಿದ್ಯಾಲಯಗಳೂ ಅವುಗಳಿಗೆ ಸೇರಿದ ಕಾಲೇಜುಗಳೂ ಮೂಲ ಪ್ರಮಾಣಪತ್ರಗಳನ್ನು ನೋಡಿ ಮರಳಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಅದು ಹೇಳುತ್ತದೆ. ಹಣದ ವಿಷಯವೂ ಸ್ಪಷ್ಟವಾಗಿದೆ. ಪ್ರಕಟಿಸಿದ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ ಮರಳಬೇಕು. ಖರ್ಚಿನ ಬಾಬ್ತೆಂದು ಶೇಕಡಾ 5ರವರೆಗೆ, ಹೆಚ್ಚೆಂದರೆ 5000 ರೂಪಾಯಿ, ಹಿಡಿದುಕೊಳ್ಳಬಹುದು. ಕೊನೆಯ ದಿನ ಹತ್ತಿರವಾದ ಮೇಲೆ ಬಿಟ್ಟರೆ ಶೇಕಡಾ 90, ಅದು ದಾಟಿ 15 ದಿನದೊಳಗಾದರೆ 80, 30 ದಿನದೊಳಗಾದರೆ 50. ಆಮೇಲೆ ಏನೂ ಇಲ್ಲ. ಆಯಾ ವರ್ಷಕ್ಕೆ ಆಯೋಗವು ಬೇರೆ ಸುತ್ತೋಲೆ ಹೊರಡಿಸುವುದೂ ಉಂಟು, ಅದನ್ನೂ ನೋಡಿಕೊಳ್ಳಬೇಕು. ನಿಯಮವಿದ್ದ ಮಾತ್ರಕ್ಕೆ ಹಣ ತಾನಾಗಿ ನಡೆದು ಬರುವುದಿಲ್ಲವೆಂಬುದು ನನಗೂ ಗೊತ್ತು. ಅದಕ್ಕೇ ರಶೀದಿ, ಅರ್ಜಿಯ ಪ್ರತಿ, ದಿನಾಂಕ ಎಲ್ಲವನ್ನೂ ಒಂದು ಚೀಲದಲ್ಲಿ ಜೋಡಿಸಿದ್ದೇನೆ.

ಬೆಂಗಳೂರಿನ ಕಚೇರಿಗೆ ಅರ್ಜಿಯ ಸಂಖ್ಯೆ ಹಾಕಿ ಒಂದು ಪತ್ರ ಕಳಿಸಿದೆ, ಎರಡು ದಿನ ಬಿಟ್ಟು ಫೋನು ಮಾಡಿದೆ. "ನಮಗೆ ಸೀಟು ಸಿಗುತ್ತದೆಯೇ?" ಎಂದರೆ ಗುಮಾಸ್ತರಾದರೂ ಏನು ಹೇಳಿಯಾರು? "ಪಟ್ಟಿ ಪ್ರಕಟವಾಗಿದೆಯೇ, ಕಾಯುವವರಲ್ಲಿ ನಮ್ಮದು ಎಷ್ಟನೆಯದು, ಕೊನೆಯ ದಿನ ಯಾವುದು?" ಎಂದು ಕೇಳಿದಾಗ ಅವರು ಪುಸ್ತಕ ತೆಗೆದು ನೋಡಿ ಹೇಳಿದರು. ತಂಗಿಯದು 6ನೆಯದು.

ನರ್ಸಿಂಗ್ ಕಾಲೇಜಿಗೆ ಮೊನ್ನೆ ಹಣ ಕಟ್ಟಿ ಬಂದೆವು. ರಶೀದಿಯ ಚೀಲವನ್ನು ಅವ್ವ ಟ್ರಂಕಿನಲ್ಲಿ, ತನ್ನ ಮದುವೆಯ ಸೀರೆಯ ಕೆಳಗೆ ಇಟ್ಟಿದ್ದಾಳೆ. ರಾತ್ರಿ ಅಪ್ಪ ಬಹಳ ಹೊತ್ತು ಲೆಕ್ಕ ಹಾಕಿ, "ಅಂದ್ರ, ಇನ್ನೂ ಆರು ಮಂದಿ ಟವೆಲ್ ತಗೀಬೇಕು" ಎಂದರು. ತಂಗಿ ಫೋನನ್ನು ದಿಂಬಿನ ಬಳಿ ಇಟ್ಟುಕೊಂಡು ಆಗಲೇ ಮಲಗಿದ್ದಳು.