ಬಾಲ್ಯದ ಬಾಸುಂಡೆ, ನಡುವಯಸ್ಸಿನ ಬೇನೆ

ಹನ್ನೊಂದು ವರ್ಷಗಳಿಂದ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿರುವ ರೋಗಿಯೊಬ್ಬರಿದ್ದಾರೆ. ಬ್ಯಾಂಕ್ ಅಧಿಕಾರಿ, ವಯಸ್ಸು ಐವತ್ತೆರಡು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಉಂಟು; ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮೂರು ವರ್ಷವಾಯಿತು. ಕುಡಿತವಿಲ್ಲ, ಸಿಗರೇಟಿಲ್ಲ, ಬೆಳಗಿನ ನಡಿಗೆ ತಪ್ಪಿಸಿದವರಲ್ಲ. ಅವರ ಕಡತದಲ್ಲಿ ಪ್ರತಿ ಭೇಟಿಯಲ್ಲೂ ನಾನು ‘ನಿದ್ರೆ ಕಡಿಮೆ’ ಎಂದು ಬರೆಯುತ್ತ ಬಂದಿದ್ದೇನೆ. ಏಕೆ ಕಡಿಮೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಕ್ಲಿನಿಕ್‌ನಲ್ಲಿ ನಾವಿಬ್ಬರೇ ಉಳಿದಿದ್ದಾಗ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ರಾತ್ರಿ ಎಲ್ಲಾದರೂ ಚಿಲಕದ ಸದ್ದಾದರೆ ಎಚ್ಚರವಾಗಿಬಿಡುತ್ತೆ ಡಾಕ್ಟ್ರೇ. ನಮ್ಮಪ್ಪ ಕುಡಿದು ಬರುತ್ತಿದ್ದರು. ಚಿಲಕ ತೆಗೆಯುವ ಸದ್ದಿನಲ್ಲೇ ಅವತ್ತು ಏಟು ಅಮ್ಮನಿಗೋ ನನಗೋ ಅಂತ ಗೊತ್ತಾಗುತ್ತಿತ್ತು.” ಅವರ ತಂದೆ ತೀರಿಕೊಂಡು ಇಪ್ಪತ್ತು ವರ್ಷಗಳಾಗಿವೆ. ಚಿಲಕದ ಸದ್ದು ಮಾತ್ರ ಇನ್ನೂ ನಿಂತಿಲ್ಲ. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.)

ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ರೋಗಿಗಳಿಗೆ ಉಪ್ಪಿನ ಬಗ್ಗೆ, ಎಣ್ಣೆಯ ಬಗ್ಗೆ, ತಂದೆತಾಯಿಗೆ ಇದ್ದ ಕಾಯಿಲೆಗಳ ಬಗ್ಗೆ ತಪ್ಪದೇ ಕೇಳಿದ್ದೇನೆ. ತಂದೆತಾಯಿ ಹೇಗಿದ್ದರು ಎಂದು ಕೇಳಿದವನಲ್ಲ. ಅದು ವೈದ್ಯನ ಪ್ರಶ್ನೆಯೇ ಅಲ್ಲವೆಂದು ಭಾವಿಸಿದ್ದೆ. ಅದು ವೈದ್ಯನದೇ ಪ್ರಶ್ನೆ ಎಂದು ಜಗತ್ತಿಗೆ ತಿಳಿಯಲು ಕಾರಣವಾದದ್ದು ಒಂದು ವಿಫಲ ಚಿಕಿತ್ಸೆ.

1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜು ಕರಗಿಸುವ ಚಿಕಿತ್ಸಾಲಯವೊಂದನ್ನು ನಡೆಸುತ್ತಿದ್ದರು. ಚಿಕಿತ್ಸೆಯಿಂದ ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದುದು ಅವರಿಗೆ ಒಗಟಾಗಿತ್ತು. ಅಂಥವರನ್ನು ಕರೆದು ವಿಚಾರಿಸುತ್ತಿದ್ದಾಗ, ಮೊದಲ ಲೈಂಗಿಕ ಸಂಪರ್ಕವಾದಾಗ ವಯಸ್ಸೆಷ್ಟು ಎಂದು ಕೇಳುವ ಬದಲು ತೂಕವೆಷ್ಟಿತ್ತು ಎಂದು ಬಾಯಿತಪ್ಪಿ ಒಬ್ಬ ಮಹಿಳೆಯನ್ನು ಕೇಳಿಬಿಟ್ಟರು. ಆಕೆ ಕೊಟ್ಟ ಉತ್ತರ ನಲವತ್ತು ಪೌಂಡ್, ಅಂದರೆ ಹದಿನೆಂಟು ಕಿಲೋ. ತಂದೆಯೇ ಅಪರಾಧಿ. ಮುಂದೆ ಸಂದರ್ಶಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬಾಲ್ಯದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ವೈದ್ಯರು ರೋಗವೆಂದುಕೊಂಡಿದ್ದ ಬೊಜ್ಜು ಅವರಲ್ಲಿ ಹಲವರಿಗೆ ರಕ್ಷಾಕವಚವಾಗಿತ್ತು.

ಈ ಸುಳಿವನ್ನು ಹಿಡಿದು ಫೆಲಿಟ್ಟಿ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ರಾಬರ್ಟ್ ಆಂಡಾ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರ ಬಾಲ್ಯವನ್ನು ವಿಚಾರಿಸಿದರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡುಕರು, ಮಾನಸಿಕ ಅಸ್ವಸ್ಥರು ಅಥವಾ ಜೈಲಿಗೆ ಹೋದವರು ಇದ್ದರೇ ಎಂಬಂತಹ ಪ್ರಶ್ನೆಗಳು. ಉತ್ತರಿಸಿದವರು ಬಹುತೇಕ ಬಿಳಿಯ ಮಧ್ಯಮವರ್ಗದವರು, ಕಾಲೇಜಿನ ಮೆಟ್ಟಿಲು ಹತ್ತಿದವರು, ಆರೋಗ್ಯ ವಿಮೆ ಇದ್ದವರು. ಅವರಲ್ಲಿ ಮೂರರಲ್ಲಿ ಸುಮಾರು ಇಬ್ಬರು ಇವುಗಳಲ್ಲಿ ಒಂದನ್ನಾದರೂ ಅನುಭವಿಸಿದ್ದರು. ದುಃಖದ ಬಾಲ್ಯ ಬಡವರ ಮನೆಯ ಸ್ವತ್ತು ಮಾತ್ರ ಎಂಬ ನಮ್ಮ ನಂಬಿಕೆ ಅಲ್ಲಿಗೆ ಮುರಿದು ಬಿತ್ತು.

1998ರಲ್ಲಿ ಹೊರಬಂದ ಮೊದಲ ವರದಿ ವೈದ್ಯಲೋಕವನ್ನು ಬೆಚ್ಚಿಬೀಳಿಸಬೇಕಿತ್ತು. ಇಂತಹ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ, ಒಂದನ್ನೂ ಕಾಣದವರಿಗಿಂತ ಹೃದ್ರೋಗದ ಸಂಭವ ಎರಡು ಪಟ್ಟಿನಷ್ಟು, ದೀರ್ಘಕಾಲದ ಶ್ವಾಸಕೋಶ ರೋಗದ ಸಂಭವ ಸುಮಾರು ನಾಲ್ಕು ಪಟ್ಟು, ಆತ್ಮಹತ್ಯೆಗೆ ಯತ್ನಿಸಿರುವ ಸಂಭವ ಹನ್ನೆರಡು ಪಟ್ಟು ಹೆಚ್ಚಿತ್ತು. ನೊಂದವರು ಕುಡಿತ, ಸಿಗರೇಟುಗಳಿಗೆ ಮೊರೆಹೋಗುವುದು ಇದಕ್ಕೆ ಒಂದು ಕಾರಣ ಹೌದು. ಆದರೆ ಅದೊಂದೇ ಕಾರಣವಲ್ಲ.

ದೊಡ್ಡವರ ನೆನಪನ್ನು ನಂಬುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ವಿಜ್ಞಾನಿಗಳು ಎಳವೆಯಿಂದಲೇ ಗಮನಿಸುತ್ತ ಬಂದರು. ಅವರಲ್ಲಿ ಮೊದಲ ಹತ್ತು ವರ್ಷಗಳಲ್ಲಿ ದೌರ್ಜನ್ಯಕ್ಕೆ ಒಳಗಾದವರ ರಕ್ತದಲ್ಲಿ, 32ನೇ ವಯಸ್ಸಿನಲ್ಲೂ ಉರಿಯೂತದ ಗುರುತುಗಳು ಹೆಚ್ಚಾಗಿ ಇದ್ದುದನ್ನು 2007ರ ವರದಿ ತೋರಿಸಿತು. ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವುದರಲ್ಲಿ ಇಂತಹ ಉರಿಯೂತದ ಪಾತ್ರ ದೊಡ್ಡದು.

ಇದರ ಒಳಗುಟ್ಟು ಸರಳ. ಹಾವನ್ನು ಕಂಡಾಗ ನಮ್ಮ ಮಿದುಳು ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ನುಗ್ಗುತ್ತವೆ. ಎದೆಬಡಿತ, ರಕ್ತದೊತ್ತಡ, ಸಕ್ಕರೆಯ ಪ್ರಮಾಣ ಏರುತ್ತವೆ. ಹಾವು ಸರಿದುಹೋದರೆ ಎಲ್ಲವೂ ಇಳಿಯುತ್ತದೆ. ಆದರೆ ಹಾವು ಪ್ರತಿ ರಾತ್ರಿ ಚಿಲಕ ತೆಗೆದು ಮನೆಯೊಳಗೇ ಬರುತ್ತಿದ್ದರೆ? ಗಂಟೆ ನಿಲ್ಲುವುದೇ ಇಲ್ಲ. ಇನ್ನೂ ಕಟ್ಟಿಕೊಳ್ಳುತ್ತಿರುವ ಮಿದುಳು, ರೋಗನಿರೋಧಕ ವ್ಯವಸ್ಥೆ, ರಕ್ತನಾಳಗಳು ಆ ಸದ್ದಿಗೇ ಹೊಂದಿಕೊಂಡು ಬೆಳೆಯುತ್ತವೆ. ಹಾರ್ವರ್ಡ್‌ನ ಮಕ್ಕಳ ತಜ್ಞ ಜ್ಯಾಕ್ ಶಾಂಕಾಫ್ ಮತ್ತು ಅವರ ಸಹೋದ್ಯೋಗಿಗಳು ಇದನ್ನೇ ವಿಷಕಾರಿ ಒತ್ತಡ ಎಂದು ಕರೆದರು. ಶಾಲೆಯ ಮೊದಲ ದಿನದ ಅಳು, ಪರೀಕ್ಷೆಯ ಅಳುಕು ಈ ಲೆಕ್ಕಕ್ಕೆ ಬರುವುದಿಲ್ಲ. ಅಜ್ಜ ತೀರಿಕೊಂಡ ದುಃಖವನ್ನೂ ಸಂತೈಸುವ ಹಿರಿಯರೊಬ್ಬರಿದ್ದರೆ ಮಗು ತಾಳಿಕೊಳ್ಳುತ್ತದೆ. ತೀವ್ರವಾಗಿ, ಪದೇ ಪದೇ ಬಂದೆರಗುವ, ಆಸರೆಯೇ ಇಲ್ಲದ ಸಂಕಟ ಮಾತ್ರ ವಿಷವಾಗುತ್ತದೆ.

ಇದು ದೂರದ ದೇಶಗಳ ಕಥೆಯೆಂದು ನಾವು ನಿರಾಳವಾಗುವಂತಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಮೂವರಲ್ಲಿ ಇಬ್ಬರು ಏಟು ತಿಂದಿದ್ದರು. ಅರ್ಧಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಕಂಡಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ; 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ. ಆದರೆ ‘ದಂಡಂ ದಶಗುಣಂ’ ಎಂಬ ಮಾತು ಕಾಯ್ದೆಪುಸ್ತಕಕ್ಕಿಂತ ಹಳೆಯದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಲೇ ನಾವು ಬೆತ್ತ ಹಿಡಿದೆವು. ಎಳೆಯ ಗಿಡ ಬೇಗ ಬಗ್ಗುತ್ತದೆ ನಿಜ. ಬಗ್ಗಿಸಿದ ಭಂಗಿಯಲ್ಲೇ ಅದು ಮರವಾಗಿ ಬೆಳೆಯುತ್ತದೆ ಎಂಬ ಅರ್ಥವೂ ಆ ಗಾದೆಗಿದೆ ಎಂಬುದನ್ನು ಮರೆತೆವು.

ಇಲ್ಲೊಂದು ಎಚ್ಚರಿಕೆಯ ಮಾತು. ಬಾಲ್ಯ ಕೆಟ್ಟದ್ದಾಗಿದ್ದವರೆಲ್ಲ ರೋಗಿಗಳಾಗುವುದಿಲ್ಲ. ರೋಗಿಗಳೆಲ್ಲರ ಬಾಲ್ಯವೂ ಕೆಟ್ಟದ್ದಲ್ಲ. ಸಂಕಟಗಳನ್ನು ಎಣಿಸಿ ಬಂದ ಅಂಕೆ ಒಂದು ಜನಸಮುದಾಯದ ಚಿತ್ರವನ್ನು ಕೊಡುತ್ತದೆಯೇ ವಿನಾ ಒಬ್ಬ ವ್ಯಕ್ತಿಯ ಭವಿಷ್ಯವನ್ನಲ್ಲ. ಹಾಗೆ ಬಳಸಬಾರದೆಂದು 2020ರಲ್ಲಿ ಆಂಡಾ ಅವರೇ ಬರೆದು ಎಚ್ಚರಿಸಿದರು. ಮಕ್ಕಳ ಹಣೆಗೆ ಹೊಸದೊಂದು ಚೀಟಿ ಅಂಟಿಸುವುದು ಉಪಕಾರವಾಗಲಾರದು.

ಆದ ಹಾನಿಯನ್ನು ಸರಿಪಡಿಸಲು ಸಾಧ್ಯವೆಂಬುದಕ್ಕೂ ಪುರಾವೆಯಿದೆ. ಚೌಷೆಸ್ಕು ಆಳ್ವಿಕೆ 1989ರಲ್ಲಿ ಉರುಳಿದಾಗ ರೊಮೇನಿಯದ ಅನಾಥಾಲಯಗಳಲ್ಲಿ ಎತ್ತಿ ಆಡಿಸುವವರಿಲ್ಲದೆ ಬೆಳೆಯುತ್ತಿದ್ದ ಅಸಂಖ್ಯ ಮಕ್ಕಳನ್ನು ಜಗತ್ತು ಕಂಡಿತು. 2000ದಲ್ಲಿ ಬುಖಾರೆಸ್ಟ್‌ನಲ್ಲಿ ಆರಂಭವಾದ ಅಧ್ಯಯನ ಅಂತಹ 136 ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕುಮನೆಗಳಿಗೆ ಸೇರಿಸಿತು. ಮಡಿಲು ದೊರೆತ ಮಕ್ಕಳ ಬುದ್ಧಿ ಚುರುಕಾಯಿತು. ಎರಡು ವರ್ಷ ತುಂಬುವ ಮುನ್ನ ಮನೆ ಸೇರಿದವರು ಒತ್ತಡವನ್ನು ಎದುರಿಸುವ ಬಗೆಯಲ್ಲೂ ಸಾಮಾನ್ಯ ಮಕ್ಕಳಿಗೆ ಹತ್ತಿರವಾದರು. ಆ ಮಕ್ಕಳನ್ನು ಎತ್ತಿದ್ದು ಔಷಧವಲ್ಲ, ಒಬ್ಬ ನಿಶ್ಚಿತ ಮನುಷ್ಯನ ನಿತ್ಯದ ಅಕ್ಕರೆ.

ಆದ್ದರಿಂದ ಮಾಡಬೇಕಾದ ಕೆಲಸ ದೊಡ್ಡ ಆಸ್ಪತ್ರೆಗಳಿಂದ ಮೊದಲಾಗಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಕುಟುಂಬ ವೈದ್ಯ, ಪಕ್ಕದ ಮನೆಯ ಅಜ್ಜಿ, ಇವರಲ್ಲಿ ಯಾರಾದರೂ ಒಬ್ಬರು ಮಗುವಿನ ಪಾಲಿಗೆ ಆ ನಿಶ್ಚಿತ ಮನುಷ್ಯರಾಗಬಹುದು. ಗೋಡೆಯಾಚೆ ಮಗುವಿನ ಚೀರಾಟ ಕೇಳಿದಾಗ ‘ಅವರ ಮನೆಯ ವಿಷಯ ನಮಗೇಕೆ’ ಎನ್ನದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ದೊಡ್ಡವರಾದ ಮೇಲೂ ಹಳೆಯ ಸದ್ದು ಕೇಳುತ್ತಿರುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ನಾವು ವೈದ್ಯರು ಉಪ್ಪು, ಸಕ್ಕರೆಗಳ ಜತೆಗೆ ಇನ್ನೊಂದು ಪ್ರಶ್ನೆಗೆ ಐದು ನಿಮಿಷ ಹೊಂದಿಸಬೇಕು. ಉತ್ತರ ಬಂದಾಗ ಗಡಿಯಾರ ನೋಡಬಾರದು.

ಆ ಸಂಜೆ ಹೊರಡುವ ಮುನ್ನ ನನ್ನ ರೋಗಿ ಬಾಗಿಲ ಬಳಿ ನಿಂತರು. “ನಾನು ನನ್ನ ಮಗನ ಮೇಲೆ ಯಾವತ್ತೂ ಕೈ ಮಾಡಿಲ್ಲ. ಆದರೂ ನಾನು ಆಫೀಸಿನಿಂದ ಬಂದ ಕೂಡಲೇ ಅವನು ಟಿವಿ ಆರಿಸಿ ಒಳಗೆ ಹೋಗಿಬಿಡ್ತಾನೆ. ಯಾಕೆ ಅಂತ ಈಗ ಯೋಚನೆ ಬರ್ತಿದೆ” ಎಂದರು. ನಾನು ಮಾತ್ರೆಗಳನ್ನು ಬದಲಿಸಲಿಲ್ಲ. ಆಪ್ತಸಲಹೆಗಾರರೊಬ್ಬರ ವಿಳಾಸ ಬರೆದುಕೊಟ್ಟು, ಮುಂದಿನ ಬಾರಿ ಮಗನನ್ನೂ ಕರೆದುಕೊಂಡು ಬನ್ನಿ ಎಂದೆ. ಕಡತ ತೆರೆದು, ‘ನಿದ್ರೆ ಕಡಿಮೆ’ ಎಂಬ ಹಳೆಯ ಸಾಲಿನ ಮುಂದೆ ಮೊದಲ ಬಾರಿಗೆ ಕಾರಣವನ್ನೂ ಬರೆದೆ.