ಕಿನ್ನಾಳದ ಬಣ್ಣದ ಓಣಿ

ಮನ್ನಾಏಖೇಳ್ಳಿಯ ಕಡೆ ಬೆಳೆದವನಿಗೆ ಕಲೆಯೆಂದರೆ ಮೊದಲು ನೆನಪಾಗುವುದು ಕಪ್ಪು ಬಣ್ಣ. ಬೀದರಿನ ಕುಶಲಕರ್ಮಿಗಳು ಸತು-ತಾಮ್ರಗಳ ಎರಕದ ಮೇಲೆ ಬೆಳ್ಳಿಯನ್ನು ಕೂರಿಸಿ, ಹಳೆಯ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿದ ನೀರಿನಲ್ಲಿ ಅದ್ದಿ ತೆಗೆದರೆ ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಯೊಂದೇ ಬೆಳಗುತ್ತದೆ. ನಮ್ಮ ಮನೆಯಲ್ಲಿಯೂ ಅಂಥದೊಂದು ಬಿದರಿ ಹೂದಾನಿಯಿದೆ. “ಅಪ್ಪಾ, ಇದಕ್ಕ ಬಣ್ಣಾ ಹಚ್ಚೋದು ಮರ್ತಾರೇನು?” ಎಂದು ಮಗಳು ಒಂದು ದಿನ ಕೇಳಿದಳು. ಬಣ್ಣವನ್ನು ಮರೆಯದವರ ಊರನ್ನು ಅವಳಿಗೆ ತೋರಿಸಬೇಕೆಂದು ಬೇಸಗೆಯ ರಜೆಯಲ್ಲಿ ಕಿನ್ನಾಳಕ್ಕೆ ಹೊರಟೆವು.

ಹುಮನಾಬಾದಿನಲ್ಲಿ ಬಸ್ಸು ಹಿಡಿದು ಕಲಬುರಗಿಯ ಮಾರ್ಗವಾಗಿ ಕೊಪ್ಪಳ ಮುಟ್ಟುವಷ್ಟರಲ್ಲಿ ಒಂದು ಇಡೀ ದಿನ ಕಳೆಯಿತು. ದೂರವಿದ್ದರೂ ಇದು ಪರಸ್ಥಳವೇನೂ ಅಲ್ಲ. 1948ರವರೆಗೆ ಬೀದರೂ ಕೊಪ್ಪಳವೂ ನಿಜಾಮನ ಸಂಸ್ಥಾನದಲ್ಲಿಯೇ ಇದ್ದವು. 1956ರಲ್ಲಿ ಎರಡೂ ಒಟ್ಟಿಗೆ ಮೈಸೂರು ರಾಜ್ಯವನ್ನು ಸೇರಿದವು. ಕೊಪ್ಪಳದಿಂದ ಕಿನ್ನಾಳಕ್ಕೆ ಹನ್ನೆರಡು ಕಿಲೋಮೀಟರಿನ ಆಸುಪಾಸು.

ಊರು ಹೊಕ್ಕಾಗ ಮಗಳ ಮುಖ ಬಾಡಿತು. ಅದೇ ಮಣ್ಣು, ಅದೇ ಕಲ್ಲು, ಅದೇ ಬಿಸಿಲು. ಬಣ್ಣವೆಲ್ಲಿ? ಅದು ಚಿತ್ರಗಾರರ ಮನೆಗಳ ಒಳಗಿತ್ತು. ಒಂದು ಪಡಸಾಲೆಯಲ್ಲಿ ಕಾಲಿಟ್ಟರೆ ಸಾಕು, ಹಸುರು ಗಿಣಿಗಳು, ಕೆಂಪು ರೆಕ್ಕೆಯ ಗರುಡ, ಹಳದಿ ಮೈಯ ಗೌರಿ, ಇನ್ನೂ ಕಣ್ಣು ತೆರೆಯದ ಒಂದು ದೊಡ್ಡ ದೇವಿ! ನನ್ನ ಮಡದಿ ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟು ಬಂದಳು.

ಹಂಪೆಯ ವಿರೂಪಾಕ್ಷನ ಗುಡಿಯ ಮಂಟಪದಲ್ಲಿ ಮೇಲ್ಚಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೇ ಎಂಬುದು ಇಲ್ಲಿಯ ಚಿತ್ರಗಾರರ ಮನೆಮಾತು. ಇದಕ್ಕೆ ಶಾಸನದ ಆಧಾರವನ್ನು ಕೇಳಬೇಕೆಂಬ ಮೇಷ್ಟರ ಚಪಲವನ್ನು ನಾನು ಪ್ರಯತ್ನಪೂರ್ವಕವಾಗಿ ಅಡಗಿಸಿಕೊಂಡೆ. ಮುಂದೆ ಕುಳಿತಿದ್ದ ವೃದ್ಧರ ಕೈಯ ಕುಂಚವೇ ಸಾಕಷ್ಟು ಹೇಳುತ್ತಿತ್ತು.

ಬೊಂಬೆಯೆಂದರೆ ಮರವನ್ನು ಕೆತ್ತಿ ಬಣ್ಣ ಬಳಿಯುವುದೆಂದು ನಾನು ತಿಳಿದಿದ್ದೆ. ಕೆತ್ತನೆ ಇಲ್ಲಿ ಕೇವಲ ಪೀಠಿಕೆ. ಹಗುರವಾದ ಮೆದು ಮರದಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿಯೇ ಕೆತ್ತುತ್ತಾರೆ. ಒಂದು ಗರುಡನಿಗೆ ಹನ್ನೆರಡು ಭಾಗಗಳು. ಸಿಂಹಾಸನದ ಮೇಲೆ ಕುಳಿತ ಗಣಪತಿಗೆ ಇಪ್ಪತ್ತೆರಡು! ಇವನ್ನು ಅಂಟಿಸುವುದು ಹುಣಿಸೆಬೀಜದ ಅಂಟಿನಿಂದ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಅದೇ ಅಂಟನ್ನೂ ಕಲಸಿದರೆ ‘ಕಿಟ್ಟ’ವಾಗುತ್ತದೆ. ಇದನ್ನು ಬೊಂಬೆಯ ಮೈಗೆಲ್ಲ ಕೈಯಿಂದ ಸವರಿ, ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಹೊದಿಸಿ, ಆ ಮೇಲೆ ಕಲ್ಲಿನ ಪುಡಿಯ ಲೇಪ ಕೊಡಬೇಕು. ಸರ, ಡಾಬು, ಕಿರೀಟಗಳೆಲ್ಲ ಕಲ್ಲುಪುಡಿ-ಗೋಂದಿನಿಂದ ಮೂಡಿದ ಉಬ್ಬು ಕೆಲಸ. ಇಷ್ಟೆಲ್ಲ ಒಣಗಿದ ಬಳಿಕವೇ ಬಣ್ಣದ ಸರದಿ. ಚಿನ್ನದ ಹೊಳಪಿಗೆ ‘ಲಾಜವಾರ’ವೆಂಬ ಲೇಪವುಂಟು. ಹೊದಿಕೆಯ ಮೇಲೆ ಹೊದಿಕೆ ಬಿದ್ದಮೇಲೆ ಒಳಗಿನ ಮರದ ಗುರುತೇ ಉಳಿಯುವುದಿಲ್ಲ.

ಆಶ್ರಯವಿತ್ತ ದೊರೆ-ದೇಸಾಯರ ಕಾಲ ಮುಗಿದಮೇಲೆ ಈ ಕಸಬು ಬಡವಾಯಿತು. ಅನೇಕರು ಬೇರೆ ದುಡಿಮೆ ಹಿಡಿದರು. ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ಈ ಬೊಂಬೆಗಳು ಮಾರಾಟಕ್ಕೆ ಬಂದವು. ಕಿನ್ನಾಳದ ಹೆಸರಿಗೆ ಭೌಗೋಳಿಕ ಸೂಚಕದ ಮುದ್ರೆಯೂ ದೊರೆಯಿತು. ಬೆಂಗಳೂರಿನ ಮಂದಿಗೆ ಕಿನ್ನಾಳ ಮತ್ತೆ ಪರಿಚಿತವಾದದ್ದು ಹೀಗೆ. ಹಾಗಾದರೆ ನಿಮ್ಮನ್ನು ಉಳಿಸಿದವರು ಪೇಟೆಯವರೇ ಎಂದು ವೃದ್ಧರನ್ನು ಕೇಳಿದೆ. ಅವರು ಕುಂಚದಿಂದ ಮೂಲೆಯ ದೇವಿಯತ್ತ ತೋರಿಸಿದರು.

“ಆಕಿ ಉಳಿಸ್ಯಾಳ್ರಿ, ಸರ.”

ಮಾತು ಭಕ್ತಿಯದಾದರೂ ಲೆಕ್ಕವೂ ಅದರಲ್ಲಿತ್ತು. ಊರೂರಿನ ದ್ಯಾಮವ್ವ, ದುರ್ಗವ್ವರ ಮೂರ್ತಿಗಳು ಮರದವು. ಜಾತ್ರೆ ಬಂತೆಂದರೆ ಅವುಗಳಿಗೆ ಹೊಸ ಬಣ್ಣ ಬೇಕು; ಹಳತಾದರೆ ಹೊಸ ಮೂರ್ತಿಯೇ ಬೇಕು. ಹೋಳಿಗೆ ಕಾಮ-ರತಿಯರು ಬೇಕು. ಶೋಕೇಸಿಗೆ ಗಿಣಿ ಕೊಳ್ಳುವವನು ಒಮ್ಮೆ ಬಂದು ಹೋದಾನು. ದ್ಯಾಮವ್ವ ತಿರುಗಿ ಬಂದೇ ಬರುತ್ತಾಳೆ.

ಮಕ್ಕಳ ಆಟಿಗೆಯ ಕಥೆ ಬೇರೆ. ಇದೇ ಜಿಲ್ಲೆಯ ಭಾನಾಪುರದ ಬಳಿ ನಾನೂರು ಎಕರೆಯ ಆಟಿಕೆ ಉದ್ಯಮ ಸಮುಚ್ಚಯಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಕೆಲಸ ಬಯಸುವ ತರುಣರಿಗೆ ಅದು ಬೇಕಾದದ್ದೇ, ಅದನ್ನು ಜರಿಯಲಾರೆ. ಆದರೆ ಯಂತ್ರದ ಬೊಂಬೆಯೊಡನೆ ಈ ಹುಣಿಸೆಬೀಜದ ಬೊಂಬೆ ಬೆಲೆಯಲ್ಲಿ ಸೆಣಸಲಾರದು. ವೃದ್ಧರ ಮೊಮ್ಮಗ ಕೊಪ್ಪಳದಲ್ಲಿ ಕಾಲೇಜು ಓದುತ್ತಾನೆ. “ಬಿಡುವಿದ್ದಾಗ ಬಣ್ಣಾ ಹಚ್ಚತಾನ್ರಿ,” ಎಂದರು. ಬಿಡುವಿಲ್ಲದಿದ್ದರೆ ಎಂದು ನಾನು ಕೇಳಲಿಲ್ಲ.

ಮಗಳು ಒಂದು ಗಿಣಿಯನ್ನು ಆಗಲೇ ಎದೆಗವಚಿಕೊಂಡಿದ್ದಳು. ಬೆಲೆ ಕೇಳಿ, ಅಭ್ಯಾಸಬಲದಿಂದ, “ಸ್ವಲ್ಪ ಕಡಿಮೆ ಮಾಡ್ರಿ, ಅಜ್ಜಾರ,” ಎಂದುಬಿಟ್ಟೆ. ಇಪ್ಪತ್ತೆರಡು ಭಾಗಗಳ ಲೆಕ್ಕವನ್ನು ಈಗಷ್ಟೇ ಬರೆದುಕೊಂಡಿದ್ದ ಕೈಯೇ ಅದು! ಮಡದಿ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಕೇಳಿದಷ್ಟನ್ನೂ ಕೊಟ್ಟೆ.

“ಗಾಜಿನ ಪೆಟ್ಟಿಗ್ಯಾಗ ಇಡಬ್ಯಾಡ್ರಿ, ಅಕ್ಕಾರ. ಕೂಸು ಆಡ್ಲಿ. ಬಣ್ಣಾ ಹೋದ್ರ ತಗೊಂಡ್ ಬರ್ರಿ, ಹಚ್ಚಿ ಕೊಡ್ತೀನಿ,” ಎಂದರು ವೃದ್ಧರು.

ಗಿಣಿ ಈಗ ಬಿದರಿ ಹೂದಾನಿಯ ಪಕ್ಕದಲ್ಲಿಲ್ಲ, ಮಗಳ ಹಾಸಿಗೆಯಲ್ಲಿದೆ. ಕೊಕ್ಕಿನ ಕೆಂಪು ಆಗಲೇ ಸವೆದಿದೆ. ದಸರೆಯ ರಜೆ ಎಂದಿನಿಂದ ಎಂದು ಅವಳು ದಿನಕ್ಕೊಮ್ಮೆ ಕೇಳುತ್ತಾಳೆ.