ಒನಕೆ ಹಿಡಿಯದ ಕಾವಲುಗಾರರು

ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋದ ಶಾಲೆಯ ಮಕ್ಕಳು ಓಬವ್ವನ ಕಿಂಡಿಯಲ್ಲಿ ಒಮ್ಮೆಯಾದರೂ ನುಸುಳದೆ ಹಿಂದಿರುಗುವುದಿಲ್ಲ. ತಲೆ ತಗ್ಗಿಸಿ, ಮೈ ಕುಗ್ಗಿಸಿ, ಒಬ್ಬರ ಹಿಂದೆ ಒಬ್ಬರು. ಹೈದರಾಲಿಯ ಸೈನಿಕರೂ ಹೀಗೆಯೇ ಬರಬೇಕಾಯಿತೆಂದು ಜನ ಹೇಳುತ್ತಾರೆ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ಹೊರಟ ಹೆಂಗಸು ಒನಕೆಯೊಂದರಿಂದಲೇ ಅವರನ್ನು ತಡೆದದ್ದಕ್ಕೆ ಆಕೆಯ ಕೆಚ್ಚು ಎಷ್ಟು ಕಾರಣವೋ ಕಿಂಡಿಯ ಅಳತೆಯೂ ಅಷ್ಟೇ ಕಾರಣ. ಒಬ್ಬ ಮನುಷ್ಯ ಹೋಗಿಬರಲು ಆ ಸಂದಿ ಸಾಕು; ದಂಡಿಗೆ ಸಾಲದು.

ಯಾರು ಬೇಕಾದರೂ ಬರೆಯಬಹುದಾದ ಅಂತರಜಾಲದ ತಾಣಗಳಿಗೂ ಇಂಥದೇ ಕಿಂಡಿ ಬೇಕು. ಕನ್ನಡ ವಿಕಿಪೀಡಿಯವನ್ನೇ ತೆಗೆದುಕೊಳ್ಳೋಣ. 2003ರಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಈಗ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಹಿರಿಯೂರಿನ ಹೈಸ್ಕೂಲು ಹುಡುಗಿಯೊಬ್ಬಳು ವಾಣಿವಿಲಾಸ ಸಾಗರದ ಪುಟ ತೆರೆದು, 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಜಲಾಶಯ ಕೋಡಿ ಬಿದ್ದ ಸಂಗತಿಯನ್ನು ಸೇರಿಸಬೇಕೆಂದುಕೊಂಡರೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬಾಗಿಲು ಅವಳಿಗೆ ತೆರೆದಿದೆ ಎಂದರೆ ಯಂತ್ರಕ್ಕೂ ತೆರೆದಿದೆ ಎಂದೇ ಅರ್ಥ. ಯಂತ್ರವೆಂದರೆ ಕೈಕಾಲುಗಳಿರುವ ರೋಬೋ ಅಲ್ಲ, ಕೇವಲ ಒಂದು ಕಂಪ್ಯೂಟರ್ ಪ್ರೋಗ್ರಾಮು. ಹಗಲು ರಾತ್ರಿಯೆನ್ನದೆ ಜಾಲದಲ್ಲಿ ಅಲೆಯುತ್ತ, ಬರೆಯಲು ಜಾಗ ಕಂಡಲ್ಲೆಲ್ಲ ಜೂಜಿನದೋ ಔಷಧಿಯದೋ ಜಾಹೀರಾತು ತುಂಬಿ ಮುಂದೆ ಸಾಗುತ್ತದೆ. ಈ ಕಸಕ್ಕೆ ‘ಸ್ಪ್ಯಾಮ್’ ಎಂದು ಹೆಸರು. ಅಮೆರಿಕದಲ್ಲಿ 1937ರಿಂದ ಮಾರಾಟವಾಗುತ್ತಿರುವ ಡಬ್ಬಿ ಮಾಂಸದ ಹೆಸರಿದು. 1970ರ ಬ್ರಿಟಿಷ್ ಟಿ.ವಿ. ಪ್ರಹಸನವೊಂದರಲ್ಲಿ ಅದೇ ಪದವನ್ನು ಹೇಳಿ ಹೇಳಿ ಕಿವಿ ತೂತಾಗಿಸಿದ್ದರಿಂದ ಈ ಅರ್ಥ ಅಂಟಿಕೊಂಡಿತು.

ಯಾರೂ ಓದದ ಜಾಹೀರಾತಿನಿಂದ ಏನು ಲಾಭ? ಓದುಗರು ಸಿಗಲಿ ಎಂದು ಅವರು ಬರೆಯುವುದೇ ಇಲ್ಲ. 1998ರಲ್ಲಿ ಆರಂಭವಾದ ಗೂಗಲ್, ಒಂದು ಪುಟಕ್ಕೆ ಬೇರೆ ಪುಟಗಳಿಂದ ಎಷ್ಟು ಕೊಂಡಿಗಳಿವೆ ಎಂಬುದನ್ನು ನೋಡಿ ಅದರ ಮಾನ್ಯತೆಯನ್ನು ಅಳೆಯುತ್ತಿತ್ತು. ಹಾಗಾದರೆ ಸಾವಿರಾರು ಕಡೆ ತಮ್ಮ ಕೊಂಡಿ ಅಂಟಿಸಿದರಾಯಿತಲ್ಲ! ಯಂತ್ರಗಳು ಮೋಸಗೊಳಿಸಲು ಹೊರಟದ್ದು ಮನುಷ್ಯರನ್ನಲ್ಲ, ಇನ್ನೊಂದು ಯಂತ್ರವನ್ನು. 2005ರಲ್ಲಿ ಗೂಗಲ್ ಇದಕ್ಕೆ ಪ್ರತಿತಂತ್ರ ಹೂಡಿತು. ‘ನೋಫಾಲೋ’ ಎಂಬ ಗುರುತು ಹಾಕಿದ ಕೊಂಡಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಸಾರಿತು. ಆದರೂ ಕಸ ನಿಲ್ಲಲಿಲ್ಲ. ಬಿತ್ತುವವನಿಗೆ ಬೀಜ ಬಿಟ್ಟಿ ಸಿಕ್ಕರೆ ನೆಲ ಬಂಜರಾದರೇನು?

ಬಾಗಿಲಲ್ಲೇ ತಡೆಯುವ ಸಾಧನಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ‘ಕ್ಯಾಪ್ಚಾ’. ರೈಲು ಟಿಕೆಟ್ ಕಾಯ್ದಿರಿಸುವಾಗ ಸೊಟ್ಟಪಟ್ಟ ಅಕ್ಷರಗಳನ್ನು ನೋಡಿ ಬರೆದಿರುತ್ತೀರಲ್ಲ, ಅದೇ. 2000ದ ಸುಮಾರಿಗೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮ್ಯಾನ್ಯುಯೆಲ್ ಬ್ಲಮ್, ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಮಗುವಿಗೆ ಸುಲಭ, ಯಂತ್ರಕ್ಕೆ ಕಷ್ಟ ಎನ್ನುವ ಕೆಲಸವೊಂದನ್ನು ಹುಡುಕಿ ಬಾಗಿಲಲ್ಲಿ ನಿಲ್ಲಿಸಿದರು. ಆ ಅಂತರ ಬಹಳ ದಿನ ಉಳಿಯಲಿಲ್ಲ. ಅತಿ ಕಠಿಣವಾದ ಸೊಟ್ಟ ಅಕ್ಷರಗಳನ್ನೂ ತನ್ನ ಯಂತ್ರ ನೂರಕ್ಕೆ 99.8ರಷ್ಟು ಸರಿಯಾಗಿ ಓದುತ್ತದೆ ಎಂದು 2014ರಲ್ಲಿ ಗೂಗಲ್ಲೇ ಹೇಳಿತು. ಅದಕ್ಕೂ ಮೊದಲೇ ಅಡ್ಡದಾರಿ ಸಿಕ್ಕಿತ್ತು ಎನ್ನಿ. ಕೂಲಿಗೆ ಜನರನ್ನಿಟ್ಟು ಕ್ಯಾಪ್ಚಾ ಬಿಡಿಸುವ ದಂಧೆಯನ್ನು 2010ರಲ್ಲಿ ಸ್ಯಾನ್ ಡಿಯೇಗೋದ ಸಂಶೋಧಕರು ಪರಿಶೀಲಿಸಿದಾಗ, ಒಂದು ಸಾವಿರ ಬಿಡಿಸಲು ದರ ಸುಮಾರು ಒಂದು ಡಾಲರ್ ಇತ್ತು! ಮನುಷ್ಯನ ಕಣ್ಣಿಗೆ ಕಟ್ಟಿದ ಬೆಲೆ ನೋಡಿ.

ಪ್ರಾಮಾಣಿಕರ ಪಾಡು ಬೇರೆಯೇ. ಆ ಹಿರಿಯೂರಿನ ಹುಡುಗಿ ಹೆಸರು ನೋಂದಾಯಿಸದೆ, ಕೋಡಿ ಬಿದ್ದ ಸುದ್ದಿಗೆ ಆಧಾರವಾಗಿ ಪತ್ರಿಕೆಯೊಂದರ ಕೊಂಡಿ ಕೊಡಲು ಹೊರಟರೆ ವಿಕಿಪೀಡಿಯ ಆಕೆಗೂ ಕ್ಯಾಪ್ಚಾ ಒಡ್ಡುತ್ತದೆ. ಕನ್ನಡದ ವಿಶ್ವಕೋಶ, ಕನ್ನಡದಲ್ಲಿ ಬರೆದ ವಾಕ್ಯ. ಬಾಗಿಲಲ್ಲಿ ಬಹುಕಾಲ ನಿಂತದ್ದು ಮಾತ್ರ ಇಂಗ್ಲಿಷ್ ಅಕ್ಷರಗಳು. ಕಣ್ಣು ಕಾಣದವರಂತೂ ಇಂಥ ಚಿತ್ರದ ಮುಂದೆ ಬೇರೊಬ್ಬರ ನೆರವು ಬೇಡಬೇಕು. ಯಂತ್ರವನ್ನು ತಡೆಯಲು ಹಾಕಿದ ಬೇಲಿ ಇಂಥವರನ್ನು ಹೊರಗಿಡುವುದು ಸಣ್ಣ ದೋಷವಲ್ಲ.

ಯಾರಿಗೂ ತೊಂದರೆ ಕೊಡದ ಉಪಾಯವೂ ಉಂಟು. ಅರ್ಜಿ ತುಂಬುವ ಪುಟದಲ್ಲಿ ಹೆಸರು, ವಿಳಾಸಗಳ ಜೊತೆಗೆ ಕಣ್ಣಿಗೆ ಬೀಳದ ಹುಸಿ ಖಾನೆಯೊಂದನ್ನು ಅಡಗಿಸಿಡುತ್ತಾರೆ. ಮನುಷ್ಯನಿಗೆ ಅದು ಕಾಣುವುದೇ ಇಲ್ಲ, ಖಾಲಿ ಬಿಡುತ್ತಾನೆ. ಯಂತ್ರ ಓದುವುದು ಪುಟದ ಹಿಂದಿನ ಬರಹವನ್ನು. ಖಾನೆ ಕಂಡರೆ ತುಂಬದೆ ಬಿಡದು. ತುಂಬಿತೋ, ಸಿಕ್ಕಿಬಿತ್ತು! ಹತ್ತು ಖಾನೆಗಳ ಅರ್ಜಿಯನ್ನು ಎರಡೇ ಸೆಕೆಂಡಿನಲ್ಲಿ ಮುಗಿಸಿದವರನ್ನು ಅನುಮಾನಿಸುವುದೂ ಇಂಥದೇ ಯುಕ್ತಿ.

ಬಾಗಿಲು ದಾಟಿ ಬಂದದ್ದನ್ನು ಜರಡಿ ಹಿಡಿಯಲು ಗಣಿತ ಬೇಕು. ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಸಂಭವನೀಯತಾ ಪ್ರಮೇಯ ಅವರು ತೀರಿಕೊಂಡ ಬಳಿಕ, 1763ರಲ್ಲಿ ಪ್ರಕಟವಾಯಿತು. ಅದರಿಂದ ಕಸದ ಅಂಚೆಯನ್ನು ಬೇರ್ಪಡಿಸುವ ವಿಧಾನವನ್ನು 2002ರಲ್ಲಿ ಪಾಲ್ ಗ್ರಹಾಂ ಜನಪ್ರಿಯಗೊಳಿಸಿದರು. ಲೆಕ್ಕ ಸರಳ. ನೂರು ಕಸದ ಬರಹಗಳಲ್ಲಿ 40ರಲ್ಲಿ ‘ಲಾಟರಿ’ ಎಂಬ ಪದವಿದೆ, ನೂರು ಒಳ್ಳೆಯ ಬರಹಗಳಲ್ಲಿ ಒಂದರಲ್ಲಿ ಮಾತ್ರ ಇದೆ ಎಂದುಕೊಳ್ಳಿ. ಎರಡೂ ಬಗೆಯವು ಸಮಸಂಖ್ಯೆಯಲ್ಲಿ ಬರುತ್ತಿದ್ದರೆ, ‘ಲಾಟರಿ’ ಇರುವ ಹೊಸ ಬರಹ ಕಸವಾಗಿರುವ ಸಂಭವನೀಯತೆ 41ರಲ್ಲಿ 40, ಎಂದರೆ ಹೆಚ್ಚುಕಡಿಮೆ ನೂರಕ್ಕೆ 98. ‘ಜಲಾಶಯ’, ‘ವೇದಾವತಿ’ಯಂಥ ಪದಗಳು ತಕ್ಕಡಿಯನ್ನು ಇನ್ನೊಂದು ಕಡೆಗೆ ಎಳೆಯುತ್ತವೆ. ಎಲ್ಲ ಪದಗಳ ಸಾಕ್ಷ್ಯ ಸೇರಿಸಿ ತೀರ್ಪು ಕೊಡುವುದು ಯಂತ್ರದ ಕೆಲಸ.

ಕನ್ನಡಕ್ಕೆ ಬಂದಾಗ ಈ ತಕ್ಕಡಿ ಸ್ವಲ್ಪ ತಡವರಿಸುತ್ತದೆ. ಲಾಟರಿಯ, ಲಾಟರಿಗೆ, ಲಾಟರಿಯಲ್ಲಿ, ಲಾಟರಿಯಿಂದಲೂ — ನಮಗೆ ಇವೆಲ್ಲ ಒಂದೇ ಪದದ ರೂಪಗಳು. ಪದಗಳನ್ನು ಇದ್ದ ಹಾಗೆಯೇ ಎಣಿಸುವ ಯಂತ್ರಕ್ಕೆ ನಾಲ್ಕು ಬೇರೆ ಪದಗಳು. ಸಾಕ್ಷ್ಯ ನಾಲ್ಕು ಪಾಲಾಗಿ ತೆಳುವಾಗುತ್ತದೆ. ಅದಕ್ಕೇ ವಿಭಕ್ತಿ ಪ್ರತ್ಯಯಗಳನ್ನು ಬಿಡಿಸಿ ಮೂಲಪದ ಹಿಡಿಯುವುದನ್ನು ಮೊದಲು ಯಂತ್ರಕ್ಕೆ ಕಲಿಸಬೇಕಾಗುತ್ತದೆ. ವ್ಯಾಕರಣದ ಪಾಠ ಯಾಕೆ ಎಂದು ಗೊಣಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬಹುದು. ಕಲಿಯಲು ಕೊಡುವ ಬರಹಗಳೂ ಕನ್ನಡದಲ್ಲಿ ಇಂಗ್ಲಿಷಿನಷ್ಟು ಸಿಗುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಕ್ಲೂಬಾಟ್ ಎನ್‌ಜಿ’ ಎಂಬ ಯಂತ್ರ 2010ರಿಂದ ಕಿಡಿಗೇಡಿ ಬರಹಗಳನ್ನು ತಾನಾಗಿಯೇ ಅಳಿಸುತ್ತಿದೆ. ಅದು ಕಲಿತದ್ದು ಮನುಷ್ಯರು ಮೊದಲೇ ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸಿಟ್ಟ ಬರಹಗಳ ರಾಶಿಯಿಂದ.

ಚಿಕ್ಕ ವಿಕಿಪೀಡಿಯಗಳಿಗೆ ನೆರವೇ ಇಲ್ಲವೆಂದಲ್ಲ. ಕುಖ್ಯಾತ ತಾಣಗಳ ಕಪ್ಪುಪಟ್ಟಿಯೊಂದು ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ. ಅದರಲ್ಲಿರುವ ಕೊಂಡಿ ಹಾಕಿದರೆ ಪುಟ ಉಳಿಯುವುದೇ ಇಲ್ಲ. ಮಿಕ್ಕದ್ದು ಮನುಷ್ಯರ ಪಾಲು. ‘ಇತ್ತೀಚಿನ ಬದಲಾವಣೆಗಳು’ ಎಂಬ ಪುಟದಲ್ಲಿ ಯಾವ ಲೇಖನ ಯಾವಾಗ ತಿದ್ದುಪಡಿಯಾಯಿತೆಂಬುದು ಸಾಲಾಗಿ ಕಾಣುತ್ತದೆ. ಸಂಬಳವಿಲ್ಲದ ಉತ್ಸಾಹಿಗಳು ಅದನ್ನು ನೋಡುತ್ತಿದ್ದು, ಕಸ ಕಂಡರೆ ತೆಗೆಯುತ್ತಾರೆ. ಅವಸರದಲ್ಲಿ ಆ ಹುಡುಗಿಯ ವಾಕ್ಯವೂ ಜೂಜಿನ ಜಾಹೀರಾತಿನ ಜೊತೆ ಹೋಗಿಬಿಡಬಹುದು. ಹಾಗಾದರೆ ಆಕೆ ‘ಇತಿಹಾಸ’ ಎಂಬಲ್ಲಿ ಒತ್ತಿ ನೋಡಲಿ. ಪುಟದ ಹಿಂದಿನ ರೂಪಗಳೆಲ್ಲ ತಾರೀಖು, ಗಂಟೆ ಸಮೇತ ಅಲ್ಲಿರುತ್ತವೆ. ತನ್ನ ವಾಕ್ಯವನ್ನು ಮತ್ತೆ ಸೇರಿಸಿ, ಕೋಡಿ ಬಿದ್ದ ಸುದ್ದಿ ಯಾವ ಪತ್ರಿಕೆಯಲ್ಲಿ ಯಾವ ದಿನ ಬಂತೆಂಬುದನ್ನು ‘ಸಾರಾಂಶ’ದ ಖಾನೆಯಲ್ಲಿ ಬರೆದರಾಯಿತು.